ಜಪಾನೀ ಪದ ಮತ್ತು ಲಿಪಿ ಕಲಿಯಲು ನಿಮ್ಮದೇ ಪ್ರೋಗ್ರಾಂ: ಪದಪಟ್ಟಿಯಿಂದ ಪರದೆಯವರೆಗೆ ಸಮಗ್ರ ಮಾರ್ಗದರ್ಶಿ

ಜಪಾನೀ ಪದಗಳನ್ನೂ ಅಕ್ಷರಗಳನ್ನೂ ನೆನಪಿನಲ್ಲಿ ಉಳಿಸಿಕೊಳ್ಳಲು ತಮ್ಮದೇ ಪ್ರೋಗ್ರಾಂ ಬರೆದುಕೊಳ್ಳುವವರು ಸಾಮಾನ್ಯವಾಗಿ ಪರದೆಯಿಂದ ಶುರುಮಾಡುತ್ತಾರೆ. ಗುಂಡಿ, ಬಣ್ಣ, ಅಂಕ ತೋರಿಸುವ ಫಲಕ ಎಲ್ಲವೂ ಸಿದ್ಧವಾಗುತ್ತದೆ. ಪದಗಳನ್ನು ತುಂಬತೊಡಗಿದ ಮೇಲೆ ಸರಿಯುತ್ತರವನ್ನು ಪ್ರೋಗ್ರಾಂ ತಪ್ಪು ಎನ್ನುತ್ತದೆ, ಒಂದೇ ಪದ ಎರಡೆರಡು ಬಾರಿ ಬರುತ್ತದೆ, ಕನ್ನಡದ ಒತ್ತಕ್ಷರಗಳು ಒಡೆದು ಕಾಣುತ್ತವೆ, ಕೆಲವು ವಾರಗಳಲ್ಲೇ ದಿನದ ಪುನರಾವರ್ತನೆ ಕೈಮೀರಿ ಕಲಿಕೆ ನಿಂತುಹೋಗುತ್ತದೆ. ಈ ತೊಂದರೆಗಳ ಬೇರು ಪದಪಟ್ಟಿಯಲ್ಲಿ, ಉತ್ತರ ಹೋಲಿಸುವ ರೀತಿಯಲ್ಲಿ ಮತ್ತು ದಿನದ ಲೆಕ್ಕದಲ್ಲಿ ಇರುತ್ತದೆ. ಆದ್ದರಿಂದ ಮೊದಲು ಪಟ್ಟಿ, ಅನಂತರ ಹೋಲಿಕೆ, ಅನಂತರ ವೇಳಾಪಟ್ಟಿ, ಕೊನೆಗೆ ಪರದೆ ಎಂಬ ಕ್ರಮವನ್ನು ಬದಲಿಸದೆ ಪಾಲಿಸಬೇಕೆಂದು ಕೋರುತ್ತೇನೆ.

ಪೈಥಾನ್ ಭಾಷೆಯಲ್ಲಿ ಸಣ್ಣ ಪ್ರೋಗ್ರಾಂ ಬರೆಯಬಲ್ಲ, ಹಿರಗಾನ ಮತ್ತು ಕಟಕಾನ ಲಿಪಿಗಳ ತಲಾ 46 ಮೂಲ ಅಕ್ಷರಗಳ ಪರಿಚಯವಿರುವ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಆ ಎರಡು ಲಿಪಿಗಳು ಇನ್ನೂ ಬಾರದವರು ಅವನ್ನು ಕಾಗದದ ಮೇಲೆ ಬರೆದು ಕಲಿತು ಬರುವುದು ಒಳ್ಳೆಯದು. ಅಷ್ಟಕ್ಕೆ ಪ್ರೋಗ್ರಾಂ ಬೇಕಾಗಿಲ್ಲ.

## ಬೇಕಾದ ಸಲಕರಣೆಗಳು

ಪೈಥಾನ್ 3, ಅದರೊಂದಿಗೇ ಬರುವ ಎಸ್‌ಕ್ಯೂಲೈಟ್ ಡೇಟಾಬೇಸ್, ಫ್ಲಾಸ್ಕ್ ಎಂಬ ಪುಟ್ಟ ವೆಬ್ ಚೌಕಟ್ಟು ಮತ್ತು ಯಾವುದಾದರೂ ಬ್ರೌಸರ್ ಇದ್ದರೆ ಸಾಕು. ಜಪಾನೀ ಟೈಪಿಂಗ್‌ಗೆ ಆಪರೇಟಿಂಗ್ ಸಿಸ್ಟಂನಲ್ಲೇ ಇರುವ ಜಪಾನೀ ಇನ್‌ಪುಟ್ ವ್ಯವಸ್ಥೆಯನ್ನು ಚಾಲೂ ಮಾಡಿಕೊಳ್ಳಬೇಕು. ಕನ್ನಡಕ್ಕೆ ನೋಟೋ ಸಾನ್ಸ್ ಕನ್ನಡ, ಜಪಾನೀಗೆ ಕ್ಲೀ ವನ್ ಫಾಂಟ್ ಇಳಿಸಿಕೊಳ್ಳಿ, ಎರಡೂ ಉಚಿತ.

ಟರ್ಮಿನಲ್ ಕಿಟಕಿಯಲ್ಲೇ ನಡೆಯುವ ಪ್ರೋಗ್ರಾಂ ಬರೆದರೆ ಸುಲಭವಲ್ಲವೇ ಎಂದು ಅನೇಕರು ಕೇಳುತ್ತಾರೆ. ಇಂಗ್ಲಿಷ್ ಅರ್ಥಗಳಿಗೆ ಅದು ಸಾಕಾದೀತು. ಆದರೆ ಹೆಚ್ಚಿನ ಟರ್ಮಿನಲ್‌ಗಳು ಕನ್ನಡದ ಒತ್ತಕ್ಷರ ಮತ್ತು ಸ್ವರಚಿಹ್ನೆಗಳನ್ನು ಸರಿಯಾಗಿ ಜೋಡಿಸುವುದಿಲ್ಲ. ಪೈಥಾನ್ ಜೊತೆ ಬರುವ ಟಿಕೆ-ಇಂಟರ್ ಕಿಟಕಿಗಳೂ ಲಿನಕ್ಸ್‌ನಲ್ಲಿ ಇದೇ ಕಾರಣಕ್ಕೆ ಕೈಕೊಡುತ್ತವೆ. ಬ್ರೌಸರ್ ಮಾತ್ರ ಎಲ್ಲ ಕಡೆಯೂ ಕನ್ನಡವನ್ನೂ ಜಪಾನೀಯನ್ನೂ ಒಂದೇ ಸಾಲಿನಲ್ಲಿ ನೆಟ್ಟಗೆ ತೋರಿಸುತ್ತದೆ. ಹಾಗಾಗಿ ಪ್ರೋಗ್ರಾಂ ನಿಮ್ಮ ಕಂಪ್ಯೂಟರಿನಲ್ಲೇ ಓಡಲಿ, ಮುಖ ಮಾತ್ರ ಬ್ರೌಸರಿನಲ್ಲಿರಲಿ.

## ಹಂತ 1: ಪ್ರೋಗ್ರಾಂ ಏನು ಮಾಡಬೇಕು, ಏನು ಮಾಡಬಾರದು ಎಂದು ಬರೆದಿಡಿ

ಮೊದಲ ಆವೃತ್ತಿ ಮೂರೇ ಕೆಲಸ ಮಾಡಲಿ: ಇಂದು ನೋಡಬೇಕಾದ ಕಾರ್ಡನ್ನು (ಒಂದು ಪ್ರಶ್ನೆ ಮತ್ತು ಅದರ ಉತ್ತರ) ಆರಿಸುವುದು, ಉತ್ತರವನ್ನು ಪರೀಕ್ಷಿಸುವುದು, ಮುಂದಿನ ದಿನಾಂಕವನ್ನು ಬರೆದಿಡುವುದು. ಕೈಬರಹ ಗುರುತಿಸುವಿಕೆ, ಮೊಬೈಲ್ ಆವೃತ್ತಿ, ಅಂಕಪಟ್ಟಿ, ಸ್ನೇಹಿತರೊಂದಿಗೆ ಸ್ಪರ್ಧೆ ಇವನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದು ಬದಿಗಿಡಿ.

ಜಪಾನೀ ಭಾಷಾ ಪ್ರಾವೀಣ್ಯ ಪರೀಕ್ಷೆಗೆ, ಅಂದರೆ ಜೆಎಲ್‌ಪಿಟಿಗೆ, ಓದುತ್ತಿರುವವರಿಗೆ ಇಲ್ಲೊಂದು ನಿರ್ಧಾರ ಸುಲಭವಾಗುತ್ತದೆ. ಬೆಂಗಳೂರಿನಲ್ಲೂ ನಡೆಯುವ ಈ ಪರೀಕ್ಷೆ ಪೂರ್ತಿ ಆಯ್ಕೆಯ ಪ್ರಶ್ನೆಗಳದ್ದು. ಕೈಯಿಂದ ಕಾಂಜಿ (ಚೀನೀ ಮೂಲದ ಅಕ್ಷರ) ಬರೆಸುವುದಿಲ್ಲ, ಮಾತಾಡಿಸುವುದೂ ಇಲ್ಲ. ಹಾಗಾಗಿ ಪರೀಕ್ಷೆಯೇ ಗುರಿಯಾಗಿದ್ದರೆ ಓದುವುದು ಮತ್ತು ಅರ್ಥ ಹೇಳುವುದು ಎಂಬ ಎರಡು ಬಗೆಯ ಕಾರ್ಡ್ ಮೊದಲು ಸಾಕು. ಜಪಾನಿನಲ್ಲಿ ಕೆಲಸಕ್ಕೆ ಹೋಗುವವರು ಅರ್ಥದಿಂದ ಪದವನ್ನು ನೆನೆಯುವ ಮೂರನೆಯ ಬಗೆಯನ್ನೂ ಸೇರಿಸಿಕೊಳ್ಳಬೇಕು.

## ಹಂತ 2: ಪದಪಟ್ಟಿಯನ್ನು ಕಟ್ಟುವುದು

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಬೇಡುವ ಹಂತ ಇದು, ಮತ್ತು ಬಹುಪಾಲು ಜನ ಒಂದು ಸಂಜೆಯಲ್ಲಿ ಮುಗಿಸಲು ನೋಡುವ ಹಂತವೂ ಇದೇ.

ಜಿಮ್ ಬ್ರೀನ್ ಆರಂಭಿಸಿದ ಜೆಎಂಡಿಕ್ಟ್ ಎಂಬ ಮುಕ್ತ ನಿಘಂಟು ಪದಗಳಿಗೆ ಮೂಲವಾಗಿ ಯೋಗ್ಯವಾಗಿದೆ. ಅದರಲ್ಲಿ ಪ್ರತಿ ಪದದ ಬರಹರೂಪ, ಓದುರೂಪ, ವ್ಯಾಕರಣದ ಗುರುತು ಮತ್ತು ಅರ್ಥಗಳು ಪ್ರತ್ಯೇಕವಾಗಿವೆ. ಬಿಡಿ ಕಾಂಜಿಗಳ ಮಾಹಿತಿಗೆ ಅದರ ಜೊತೆಗಾರ ಕಾಂಜಿಡಿಕ್ 2 ಇದೆ. ಅದರಲ್ಲಿ 13,108 ಅಕ್ಷರಗಳಿವೆ. ಜಪಾನ್ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ಜೋಯೋ ಕಾಂಜಿ (ದಿನಬಳಕೆಯ ಕಾಂಜಿ) ಪಟ್ಟಿಯಲ್ಲಿರುವುದು 2,136. ಶಾಲೆಯ ಮೊದಲ ಆರು ವರ್ಷಗಳಲ್ಲಿ ಕಲಿಸುವುದು 1,026. ಈ ಕೊನೆಯ ಸಂಖ್ಯೆಯನ್ನೇ ನಿಮ್ಮ ಮೊದಲ ಎಲ್ಲೆ ಎಂದುಕೊಳ್ಳಿ.

ಜೆಎಂಡಿಕ್ಟ್‌ನಲ್ಲಿ ಕನ್ನಡ ಅರ್ಥಗಳಿಲ್ಲ. ಇಂಗ್ಲಿಷ್ ಅರ್ಥಗಳನ್ನು ಯಂತ್ರಾನುವಾದಕ್ಕೆ ಕೊಟ್ಟು ಸಾವಿರಾರು ಸಾಲುಗಳನ್ನು ಒಮ್ಮೆಗೇ ಕನ್ನಡಕ್ಕೆ ತರುವುದು ಅತ್ಯಂತ ಸಾಮಾನ್ಯವಾದ ತಪ್ಪು. ಆನಿ ಎಂದರೆ ಅಣ್ಣ, ಒತೋತೊ ಎಂದರೆ ತಮ್ಮ. ಎರಡೂ ಇಂಗ್ಲಿಷಿನ ಮೂಲಕ ಬಂದಾಗ ಕಾರ್ಡಿನ ಮೇಲೆ ಬರಿಯ 'ಸಹೋದರ' ಎಂದು ಉಳಿಯಬಹುದು. ಅಕು ಎಂಬುದು ತೆರೆದುಕೊಳ್ಳು, ಅಕೆರು ಎಂಬುದು ತೆರೆ. ಅನುವಾದಿತ ಪಟ್ಟಿಯಲ್ಲಿ ಎರಡೂ 'ತೆರೆ' ಆಗಿಬಿಡುತ್ತವೆ. ಕನ್ನಡದಲ್ಲಿ ಇರುವ ಭೇದವನ್ನು ನಾವೇ ಅಳಿಸಿ ಆಮೇಲೆ ಕಷ್ಟಪಟ್ಟು ಕಲಿಯುವುದರಲ್ಲಿ ಅರ್ಥವಿಲ್ಲ. ದಿನಕ್ಕೆ ಹತ್ತು ಪದ ಕಲಿಯುವವರು ದಿನಕ್ಕೆ ಹತ್ತು ಅರ್ಥ ಬರೆದರೆ ಸಾಕು, ಮತ್ತು ಹಾಗೆ ಬರೆಯುವುದೇ ಮೊದಲ ಕಲಿಕೆಯಾಗುತ್ತದೆ. ಕನ್ನಡಕ್ಕೆ ಭೇದವಿಲ್ಲದ ಕಡೆ ಸುಳಿವು ಸೇರಿಸಿ: ಅಗೆರು, ಕುರೆರು ಎರಡಕ್ಕೂ 'ಕೊಡು' ಎಂದೇ ಬರುವುದರಿಂದ ಮೊದಲನೆಯದಕ್ಕೆ 'ಇತರರಿಗೆ', ಎರಡನೆಯದಕ್ಕೆ 'ನನಗೆ ಅಥವಾ ನಮ್ಮವರಿಗೆ' ಎಂದು ಬರೆಯಬೇಕು. ಇರು ಮತ್ತು ಅರು ಕ್ರಿಯಾಪದಗಳಿಗೂ ಜೀವವಿರುವುದಕ್ಕೆ, ಜೀವವಿಲ್ಲದ್ದಕ್ಕೆ ಎಂಬ ಸುಳಿವು ಬೇಕು.

ಪದಗಳ ಆಯ್ಕೆಯಲ್ಲೂ ಎಚ್ಚರ ಬೇಕು. ಜೆಎಂಡಿಕ್ಟ್‌ನ ಬಳಕೆ-ಪ್ರಮಾಣದ ಗುರುತುಗಳಲ್ಲಿ ಒಂದು ಬಗೆಯವು ಪತ್ರಿಕಾ ಬರಹವನ್ನು ಎಣಿಸಿ ಕೊಟ್ಟವು. ಆ ಎಣಿಕೆಯಲ್ಲಿ ರಾಜಕೀಯ, ಆರ್ಥಿಕತೆಯ ಪದಗಳು ಮೇಲಿದ್ದು ಅಡುಗೆಮನೆಯ ಪದಗಳು ಕೆಳಗಿರುತ್ತವೆ. ಆರಂಭಿಕರು ಅದನ್ನು ಕುರುಡಾಗಿ ನಂಬಬಾರದು. ಜೆಎಲ್‌ಪಿಟಿ 2010ರಲ್ಲಿ ಐದು ಮಟ್ಟಗಳಿಗೆ ಬದಲಾದ ಮೇಲೆ ಅಧಿಕೃತ ಪದಪಟ್ಟಿ ಪ್ರಕಟವಾಗುತ್ತಿಲ್ಲ; ಎನ್5 ಪಟ್ಟಿ, ಎನ್4 ಪಟ್ಟಿ ಎಂದು ಸಿಗುವವೆಲ್ಲ ಅಂದಾಜಿನವು. ನೀವು ಓದುತ್ತಿರುವ ಪಠ್ಯಪುಸ್ತಕದ ಪಾಠಗಳ ಕ್ರಮದಲ್ಲೇ ಪದ ಸೇರಿಸುವುದು ಇವೆರಡಕ್ಕಿಂತ ಉತ್ತಮ.

ಪಟ್ಟಿಯನ್ನು ಟ್ಯಾಬ್‌ನಿಂದ ಬೇರ್ಪಡಿಸಿದ ಸಾದಾ ಪಠ್ಯ ಕಡತದಲ್ಲಿ ಇಡಿ. ಕಾಲಂಗಳು: ಬರಹರೂಪ, ಓದುರೂಪ (ಹಿರಗಾನ ಅಥವಾ ಕಟಕಾನದಲ್ಲಿ), ಇತರ ಒಪ್ಪಿತ ಓದುಗಳು, ಕನ್ನಡ ಅರ್ಥ, ಸುಳಿವು, ಒಂದು ಉದಾಹರಣೆ ವಾಕ್ಯ. ಎಕ್ಸೆಲ್‌ನಲ್ಲಿ ತಯಾರಿಸಿದರೆ ಉಳಿಸುವಾಗ ಯುಟಿಎಫ್-8 ರೂಪವನ್ನೇ ಆರಿಸಿ. ಆ ರೂಪ ಕಡತದ ಆರಂಭದಲ್ಲಿ ಕಾಣದ ಒಂದು ಗುರುತನ್ನು ಸೇರಿಸುತ್ತದೆ. ಪೈಥಾನ್‌ನಲ್ಲಿ ಕಡತ ತೆರೆಯುವಾಗ ಎನ್‌ಕೋಡಿಂಗ್ ಹೆಸರನ್ನು 'ಯುಟಿಎಫ್-8-ಸಿಗ್' ಎಂದು ಕೊಡದಿದ್ದರೆ ಮೊದಲ ಕಾಲಂನ ಹೆಸರು ಎಂದಿಗೂ ಹೊಂದುವುದಿಲ್ಲ. ಎನ್‌ಕೋಡಿಂಗ್ ಹೆಸರನ್ನು ಬರೆಯದೇ ಬಿಟ್ಟರೆ ವಿಂಡೋಸ್‌ನಲ್ಲಿ ಕಡತವೇ ಓದಲು ಬಾರದೆ ದೋಷ ತೋರಬಹುದು.

## ಹಂತ 3: ಅಕ್ಷರಗಳನ್ನು ಒಂದೇ ರೂಪಕ್ಕೆ ತರುವುದು

ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಪದಗಳು ಕಂಪ್ಯೂಟರಿಗೆ ಬೇರೆ ಆಗಿರಬಹುದು. 'ಗ' ಎಂಬ ಹಿರಗಾನ ಅಕ್ಷರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, 'ಕ' ಅಕ್ಷರದ ಪಕ್ಕದಲ್ಲಿ ಧ್ವನಿಗುರುತಿನ ಸಂಕೇತ (ದಶಮಾನದಲ್ಲಿ 12441) ಸೇರಿಸಿಯೂ ಬರೆಯಬಹುದು. ಕನ್ನಡದಲ್ಲೂ ಹೀಗೆಯೇ: 'ಕೊ' ಎಂಬುದರ ಸ್ವರಚಿಹ್ನೆ ಒಂದು ಸಂಕೇತವಾಗಿಯೋ ಎತ್ವ ಮತ್ತು ಊಕಾರಗಳ ಎರಡು ಸಂಕೇತಗಳಾಗಿಯೋ ಬಂದಿರಬಹುದು. ಆದ್ದರಿಂದ ಹೊರಗಿನಿಂದ ಬರುವ ಪ್ರತಿಯೊಂದು ಪಠ್ಯವೂ, ಅದು ಕಡತದಿಂದ ಬರಲಿ ಕೀಲಿಮಣೆಯಿಂದ ಬರಲಿ, ಒಂದೇ ಶುದ್ಧೀಕರಣ ಫಂಕ್ಷನ್ ಮೂಲಕ ಹಾದುಬರಬೇಕು.

ಆ ಫಂಕ್ಷನ್ ಅನುಕ್ರಮವಾಗಿ ಮೂರು ಕೆಲಸ ಮಾಡಲಿ. ಮೊದಲು ಪೈಥಾನ್‌ನ ಯೂನಿಕೋಡ್‌ಡೇಟಾ ಘಟಕದ ಎನ್‌ಎಫ್‌ಕೆಸಿ ವಿಧಾನದಿಂದ ಪಠ್ಯವನ್ನು ಸಮರೂಪಕ್ಕೆ ತರಬೇಕು. ಅರ್ಧ ಅಗಲದ ಕಟಕಾನ ಮತ್ತು ಜಪಾನೀ ಕೀಲಿಮಣೆಯ ಪೂರ್ಣ ಅಗಲದ ಖಾಲಿ ಜಾಗ ಎರಡೂ ಇದರಲ್ಲೇ ಸರಿಯಾಗುತ್ತವೆ. ಅನಂತರ ಎರಡೂ ತುದಿಗಳ ಖಾಲಿ ಜಾಗವನ್ನು ತೆಗೆಯಬೇಕು. ಕೊನೆಯದಾಗಿ, ಹೋಲಿಕೆಗೆಂದೇ ಬಳಸುವ ಪ್ರತಿಯಲ್ಲಿ ಕಟಕಾನವನ್ನು ಹಿರಗಾನಕ್ಕೆ ತಿರುಗಿಸಬೇಕು. ಯೂನಿಕೋಡ್‌ನಲ್ಲಿ ಹಿರಗಾನ ಅಕ್ಷರಗಳು 12353ರಿಂದ 12438ರವರೆಗೂ ಕಟಕಾನದವು 12449ರಿಂದ 12534ರವರೆಗೂ ಒಂದೇ ಅನುಕ್ರಮದಲ್ಲಿ ಇರುವುದರಿಂದ ಸಂಕೇತದಿಂದ 96 ಕಳೆದರೆ ಸಾಕು. ದೀರ್ಘಸ್ವರದ ಅಡ್ಡಗೆರೆಗೆ (12540) ಹಿರಗಾನದಲ್ಲಿ ಜೋಡಿಯಿಲ್ಲ, ಅದನ್ನು ಹಾಗೆಯೇ ಬಿಡಿ. ಕಾರ್ಡಿನ ಮೇಲೆ ತೋರಿಸುವ ಪ್ರತಿಯಲ್ಲಿ ಕಟಕಾನ ಕಟಕಾನವಾಗಿಯೇ ಉಳಿಯಬೇಕು ಎಂಬುದನ್ನು ಮರೆಯಬೇಡಿ.

ಧ್ವನಿ ಕಡತಗಳಿದ್ದರೆ ಅವಕ್ಕೆ ಪದದ ಹೆಸರನ್ನಿಡದೆ ಕ್ರಮಸಂಖ್ಯೆಯನ್ನೇ ಕೊಡಿ. ಬೇರೆ ಬೇರೆ ಆಪರೇಟಿಂಗ್ ಸಿಸ್ಟಂಗಳು ಕಡತದ ಹೆಸರಿನಲ್ಲಿ ಧ್ವನಿಗುರುತನ್ನು ಬೇರೆ ಬೇರೆ ರೀತಿ ಇಡುವುದರಿಂದ ಕಂಪ್ಯೂಟರ್ ಬದಲಿಸಿದ ದಿನ ಅರ್ಧದಷ್ಟು ಧ್ವನಿಗಳು ಕಾಣೆಯಾಗಬಹುದು.

### ಓದನ್ನು ಕನ್ನಡ ಲಿಪಿಯಲ್ಲಿ ತೋರಿಸಬೇಕೆಂದರೆ

ಆರಂಭದ ತಿಂಗಳುಗಳಲ್ಲಿ ಇದು ನಿಜವಾದ ಸಹಾಯ. ಕಾನಾದಿಂದ (ಹಿರಗಾನ, ಕಟಕಾನ ಲಿಪಿಗಳಿಂದ) ನೇರವಾಗಿ ಕನ್ನಡಕ್ಕೆ ತಿರುಗಿಸಿ, ರೋಮನ್ ಲಿಪಿಯ ದಾರಿ ಹಿಡಿಯಬೇಡಿ. ಕಿನೆನ್ (ಸ್ಮರಣೆ) ಮತ್ತು ಕಿನ್‌ಎನ್ (ಧೂಮಪಾನ ನಿಷೇಧ) ಕಾನಾದಲ್ಲಿ ಬೇರೆ ಬೇರೆ. ರೋಮನ್ ಲಿಪಿಯಲ್ಲಿ ಮೇಲ್ಗುರುತು ಬಿಟ್ಟುಹೋದರೆ ಎರಡೂ ಒಂದೇ ಆಗುತ್ತವೆ. ಕನ್ನಡ ಲಿಪಿ ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ: ಹ್ರಸ್ವ ಎ, ಒ ನಮಗೆ ಪ್ರತ್ಯೇಕವಾಗಿವೆ, ಕಿತೆ ಮತ್ತು ಕಿತ್ತೆ (ಅಂಚೆಚೀಟಿ) ಪದಗಳ ಭೇದವನ್ನು ಒತ್ತು ತೋರಿಸುತ್ತದೆ, ಒಬಸನ್ (ಚಿಕ್ಕಮ್ಮ, ಅತ್ತೆ) ಮತ್ತು ಒಬಾಸನ್ (ಅಜ್ಜಿ) ಬೆರೆಯುವುದಿಲ್ಲ.

ಪರಿವರ್ತನಾ ಕೋಷ್ಟಕ ಬರೆಯುವಾಗ ಉದ್ದದ ಜೋಡಿಗಳನ್ನು ಮೊದಲು ಹುಡುಕಬೇಕು: 'ಕಿ' ಮತ್ತು ಸಣ್ಣ 'ಯ' ಸೇರಿದ 'ಕ್ಯ' ಮೊದಲು, ಬಿಡಿ 'ಕಿ' ಆಮೇಲೆ. ಸಣ್ಣ 'ತ್ಸು' ಬಂದರೆ ಮುಂದಿನ ವ್ಯಂಜನಕ್ಕೆ ಒತ್ತು ಕೊಡಬೇಕು. ಅನುನಾಸಿಕ 'ನ್' ಆದಮೇಲೆ ಸ್ವರ ಅಥವಾ ಯಕಾರ ಬಂದರೆ ನಡುವೆ 8204 ಸಂಖ್ಯೆಯ ಅದೃಶ್ಯ ವಿಭಾಜಕ ಹಾಕಿ. ಇಲ್ಲದಿದ್ದರೆ ಹೊನ್‌ಯ (ಪುಸ್ತಕದಂಗಡಿ) 'ಹೊನ್ಯ' ಎಂದು ಕೂಡಿಕೊಳ್ಳುತ್ತದೆ. 'ಓ' ಧ್ವನಿಯ ಮುಂದಿನ ಉಕಾರ ಸಾಮಾನ್ಯವಾಗಿ ದೀರ್ಘವಾದರೂ ಒಮೊಉ (ಯೋಚಿಸು) ತರಹದ ಕ್ರಿಯಾಪದಗಳಲ್ಲಿ ಅದು ಪ್ರತ್ಯೇಕ ಸ್ವರ. ಇದನ್ನು ಪ್ರೋಗ್ರಾಂ ತಾನಾಗಿ ಊಹಿಸಲಾರದು. ಅಂಥ ಪದಗಳಿಗೆ ಕೈಯಿಂದ ತಿದ್ದಿದ ಓದನ್ನು ಪಟ್ಟಿಯಲ್ಲೇ ಇಡಿ. ಮೊದಲ 300 ಪದಗಳಾದ ಮೇಲೆ ಈ ಕನ್ನಡ ಓದನ್ನು ಮರೆಮಾಡುವ ಆಯ್ಕೆಯೂ ಇರಲಿ. ಸದಾ ಕಣ್ಣೆದುರಿಗಿದ್ದರೆ ಕಣ್ಣು ಕಾನಾ ಓದುವುದನ್ನೇ ಬಿಟ್ಟುಬಿಡುತ್ತದೆ.

## ಹಂತ 4: ಡೇಟಾಬೇಸ್

ಮೂರು ಕೋಷ್ಟಕ ಸಾಕು: ಪದ, ಕಾರ್ಡ್, ದಾಖಲೆ.

ಪದ ಕೋಷ್ಟಕದಲ್ಲಿ ಬರಹರೂಪ ಮತ್ತು ಓದುರೂಪ ಎರಡೂ ಸೇರಿ ಒಂದು ಅನನ್ಯ ಕೀಲಿಯಾಗಬೇಕು. ಬರಹರೂಪ ಮಾತ್ರ ಸಾಲದು: ಇಚಿನಿಚಿ (ಒಂದು ದಿನ) ಮತ್ತು ತ್ಸುಇತಚಿ (ತಿಂಗಳ ಮೊದಲ ತಾರೀಖು) ಎರಡನ್ನೂ ಅವೇ ಎರಡು ಕಾಂಜಿಗಳಲ್ಲಿ ಬರೆಯುತ್ತಾರೆ. ಓದುರೂಪ ಮಾತ್ರವೂ ಸಾಲದು: ಹಶಿ ಎಂದರೆ ಸೇತುವೆ, ಊಟದ ಕಡ್ಡಿ, ಅಂಚು, ಮೂರಕ್ಕೂ ಕಾಂಜಿ ಬೇರೆ.

ಕಾರ್ಡ್ ಕೋಷ್ಟಕದಲ್ಲಿ ಪದದ ಸಂಖ್ಯೆ, ಕಾರ್ಡಿನ ಬಗೆ, ಅಂತರ (ದಿನಗಳಲ್ಲಿ), ಸುಲಭಾಂಕ (ಕಾರ್ಡ್ ಎಷ್ಟು ಸುಲಭ ಎಂಬ ಅಂಕಿ), ಸತತ ಸರಿಯುತ್ತರಗಳ ಎಣಿಕೆ, ಮರೆತ ಸಲ ಮತ್ತು ಮುಂದಿನ ದಿನಾಂಕ ಇರಲಿ. ದಾಖಲೆ ಕೋಷ್ಟಕದಲ್ಲಿ ಪ್ರತಿ ಉತ್ತರಕ್ಕೂ ಒಂದು ಸಾಲು: ಯಾವ ಕಾರ್ಡ್, ಯಾವ ಸಮಯ, ಏನು ಅಂಕ, ಹಿಂದಿನ ಅಂತರ, ಹೊಸ ಅಂತರ. ಈ ಕೋಷ್ಟಕದಿಂದ ಏನನ್ನೂ ಅಳಿಸಬೇಡಿ. ಮುಂದೆ ವೇಳಾಪಟ್ಟಿಯ ಸೂತ್ರವನ್ನು ಬದಲಿಸಬೇಕೆನಿಸಿದರೆ, ಉದಾಹರಣೆಗೆ ಕಾರ್ಡ್‌ಗಳಿಂದ ಕಲಿಸುವ ಆಂಕಿ ಪ್ರೋಗ್ರಾಂ 2023ರಿಂದ ಬಳಸುತ್ತಿರುವ ಎಫ್‌ಎಸ್‌ಆರ್‌ಎಸ್ ಸೂತ್ರಕ್ಕೆ ಹೋಗಬೇಕೆನಿಸಿದರೆ, ಹಳೆಯ ಉತ್ತರಗಳ ಈ ಇತಿಹಾಸವೇ ಆಧಾರ.

## ಹಂತ 5: ಪ್ರಶ್ನೆ ಕೇಳುವುದು, ಉತ್ತರ ಪರೀಕ್ಷಿಸುವುದು

ಓದನ್ನು ಯಂತ್ರ ಪರೀಕ್ಷಿಸಲಿ, ಅರ್ಥವನ್ನು ಕಲಿಯುವವರೇ ಪರೀಕ್ಷಿಸಿಕೊಳ್ಳಲಿ. ಈ ಒಂದು ವಿಂಗಡಣೆ ಮಾಡದೆ ಕೆಟ್ಟ ಪ್ರೋಗ್ರಾಂಗಳು ಬಹಳ. ಓದಿಗೆ ಒಂದೋ ಎರಡೋ ನಿಖರ ಉತ್ತರಗಳಿರುತ್ತವೆ. ಅರ್ಥ ಹಾಗಲ್ಲ: ತಬೆರು ಎಂಬುದಕ್ಕೆ ತಿನ್ನು, ತಿನ್ನುವುದು, ಊಟ ಮಾಡು, ಉಣ್ಣು ಎಲ್ಲವೂ ಸರಿ. ಅವನ್ನೆಲ್ಲ ಪಟ್ಟಿ ಮಾಡಲು ಹೋದರೆ ಮುಗಿಯುವುದಿಲ್ಲ. ಸರಿಯುತ್ತರ ಕೊಟ್ಟು ತಪ್ಪೆನಿಸಿಕೊಂಡ ಕಲಿಯುವವರು ಪ್ರೋಗ್ರಾಂ ಮೇಲಿನ ನಂಬಿಕೆಯನ್ನೇ ಕಳೆದುಕೊಳ್ಳುತ್ತಾರೆ. ಅರ್ಥದ ಕಾರ್ಡಿನಲ್ಲಿ ಉತ್ತರವನ್ನು ಮನಸ್ಸಿನಲ್ಲಿ ಹೇಳಿಕೊಂಡು, ತೆರೆದು ನೋಡಿ, ಗುಂಡಿ ಒತ್ತುವಂತೆ ಮಾಡಿ.

ಓದಿನ ಕಾರ್ಡಿನಲ್ಲಿ ಗಮನಿಸಬೇಕಾದ ಸಂಗತಿಗಳು ಹೀಗಿವೆ. 'ನಾಳೆ' ಎಂಬ ಪದದ ಕಾಂಜಿಗೆ ಅಶಿತ, ಅಸು ಎರಡೂ ಓದು ಸರಿ. ಇಂಥವನ್ನು ಒಪ್ಪಿತ ಓದುಗಳ ಕಾಲಂನಲ್ಲಿ ಇಡಿ. ಇಚಿನಿಚಿ ಮತ್ತು ತ್ಸುಇತಚಿಯಂತೆ ಅರ್ಥವೂ ಬೇರೆಯಾದಾಗ ಪ್ರಶ್ನೆಯ ಕೆಳಗೇ ಸುಳಿವು ಕಾಣಬೇಕು. ಕಲಿಯುವವರು ಅಕಸ್ಮಾತ್ ಕಾಂಜಿಯನ್ನೇ ಟೈಪ್ ಮಾಡಿದರೆ (ಸಂಕೇತ 19968ರಿಂದ 40959ರ ನಡುವೆ ಯಾವುದಾದರೂ ಅಕ್ಷರವಿದ್ದರೆ) ತಪ್ಪು ಎನ್ನದೆ 'ಕಾನಾದಲ್ಲಿ ಬರೆಯಿರಿ' ಎಂದು ಮತ್ತೆ ಕೇಳಿ.

ಬ್ರೌಸರಿನಲ್ಲಿ ಎಂಟರ್ ಕೀಲಿಯ ಸಮಸ್ಯೆ ಎಲ್ಲರನ್ನೂ ಕಾಡುತ್ತದೆ. ಜಪಾನೀ ಇನ್‌ಪುಟ್ ವ್ಯವಸ್ಥೆಯಲ್ಲಿ ಬರೆದ ಅಕ್ಷರಗಳನ್ನು ಖಚಿತಪಡಿಸಲು ಎಂಟರ್ ಒತ್ತಬೇಕು. ಅದೇ ಎಂಟರ್ ನಿಮ್ಮ ಪುಟಕ್ಕೂ ತಲುಪಿ ಅರ್ಧ ಬರೆದ ಉತ್ತರ ಸಲ್ಲಿಕೆಯಾಗುತ್ತದೆ. ಕೀಲಿ ಘಟನೆಯಲ್ಲಿ 'ಈಸ್‌ಕಂಪೋಸಿಂಗ್' ಎಂಬ ಗುಣ ನಿಜವಾಗಿರುವಾಗ ಎಂಟರನ್ನು ನಿರ್ಲಕ್ಷಿಸುವ ಒಂದು ಸಾಲು ಇದಕ್ಕೆ ಪರಿಹಾರ. ಇನ್‌ಪುಟ್ ವ್ಯವಸ್ಥೆಯೇ ಬೇಡವೆನ್ನುವವರು ವನಕಾನ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯಿಂದ ರೋಮನ್ ಕೀಲಿಗಳನ್ನು ಪುಟದಲ್ಲೇ ಕಾನಾಕ್ಕೆ ತಿರುಗಿಸಬಹುದು.

ಒಂದೇ ಪದದ ಎರಡು ಕಾರ್ಡ್‌ಗಳು ಒಂದೇ ದಿನ ಬರದಂತೆ ನೋಡಿಕೊಳ್ಳಿ. ಅರ್ಥದ ಕಾರ್ಡಿನಲ್ಲಿ ಈಗಷ್ಟೇ ಕಂಡ ಪದ ಓದಿನ ಕಾರ್ಡಿನಲ್ಲಿ ನೆನಪಿಗೆ ಬಂದರೆ ಅದು ನೆನಪಿನ ಪರೀಕ್ಷೆಯಾಗುವುದಿಲ್ಲ, ಆದರೂ ಪ್ರೋಗ್ರಾಂ ಅದನ್ನು ಗೆಲುವೆಂದು ಎಣಿಸುತ್ತದೆ.

## ಹಂತ 6: ವೇಳಾಪಟ್ಟಿ

ಕಾರ್ಡ್ ಮುಂದೆ ಯಾವ ದಿನ ಬರಬೇಕೆಂದು ಲೆಕ್ಕಹಾಕಲು ಪಿಯೋತ್ರ್ ವೋಜ್ನಿಯಾಕ್ 1987ರಲ್ಲಿ ರೂಪಿಸಿದ ಎಸ್‌ಎಂ-2 ಸೂತ್ರವನ್ನು ಮೊದಲ ಆವೃತ್ತಿಗೆ ಧಾರಾಳವಾಗಿ ಬಳಸಬಹುದು. ಅದರ ನಿಯಮಗಳು ಹೀಗಿವೆ:

1. ಪ್ರತಿ ಕಾರ್ಡಿನ ಸುಲಭಾಂಕ 2.5ರಿಂದ ಆರಂಭವಾಗುತ್ತದೆ, 1.3ಕ್ಕಿಂತ ಕೆಳಗೆ ಇಳಿಯುವುದಿಲ್ಲ.
2. ಮೊದಲ ಸರಿಯುತ್ತರದ ನಂತರ ಅಂತರ 1 ದಿನ, ಎರಡನೆಯದರ ನಂತರ 6 ದಿನ, ಆಮೇಲೆ ಪ್ರತಿಸಲ ಹಿಂದಿನ ಅಂತರವನ್ನು ಸುಲಭಾಂಕದಿಂದ ಗುಣಿಸಬೇಕು. ಭಿನ್ನರಾಶಿ ಬಂದರೆ ಮೇಲಿನ ಪೂರ್ಣಾಂಕ.
3. ಉತ್ತರಕ್ಕೆ 0ಯಿಂದ 5ರವರೆಗೆ ಅಂಕ. ಅಂಕ 5 ಆದರೆ ಸುಲಭಾಂಕ 0.1 ಏರುತ್ತದೆ, 4 ಆದರೆ ಬದಲಾಗುವುದಿಲ್ಲ, 3 ಆದರೆ 0.14 ಇಳಿಯುತ್ತದೆ.
4. ಅಂಕ 3ಕ್ಕಿಂತ ಕಡಿಮೆಯಾದರೆ ಸುಲಭಾಂಕವನ್ನು ಮುಟ್ಟದೆ ಕಾರ್ಡನ್ನು ಮತ್ತೆ ಮೊದಲ ಅಂತರದಿಂದ ಶುರುಮಾಡಬೇಕು.
5. ಅಂಕ 4ಕ್ಕಿಂತ ಕಡಿಮೆ ಬಂದ ಕಾರ್ಡ್‌ಗಳನ್ನು ಅದೇ ದಿನದ ಕೊನೆಯಲ್ಲಿ, 4 ಬರುವವರೆಗೆ, ಮತ್ತೆ ಕೇಳಬೇಕು.

ಆರು ಗುಂಡಿಗಳನ್ನು ಕೊಡಬೇಡಿ. 'ಮರೆತೆ' (1), 'ಕಷ್ಟದಿಂದ ನೆನಪಾಯಿತು' (3), 'ನೆನಪಾಯಿತು' (4) ಎಂಬ ಮೂರೇ ಸಾಕು. ತೀರ್ಪು ಕೊಡಲು ಯೋಚಿಸಬೇಕಾದಷ್ಟು ಗುಂಡಿಗಳಿದ್ದರೆ ಗಮನ ಪದದಿಂದ ಗುಂಡಿಗೆ ಸರಿಯುತ್ತದೆ.

ದಿನಾಂಕವನ್ನು ಫಂಕ್ಷನ್ ಒಳಗೇ ಗಡಿಯಾರದಿಂದ ಓದಬೇಡಿ, ಹೊರಗಿನಿಂದ ಕೊಡಿ. ಆಗ ಪರೀಕ್ಷೆ ಮಾಡುವುದು ಸುಲಭ: ಒಂದು ಕಾರ್ಡಿಗೆ ಸತತವಾಗಿ 4 ಅಂಕ ಕೊಟ್ಟರೆ ಅದು 0, 1, 7, 22, 60, 155ನೆಯ ದಿನಗಳಲ್ಲಿ ಬರಬೇಕು. ಬೇರೆ ಸಂಖ್ಯೆ ಬಂದರೆ ಸೂತ್ರ ತಪ್ಪಾಗಿ ಬರೆಯಲಾಗಿದೆ, ಮುಂದೆ ಹೋಗಬೇಡಿ.

ದಿನದ ಗಡಿಯನ್ನೂ ನಿರ್ಧರಿಸಿ. ಕಂಪ್ಯೂಟರ್ ಅಂತರರಾಷ್ಟ್ರೀಯ ಸಮಯವನ್ನು ಬಳಸಿದರೆ ಭಾರತದಲ್ಲಿ ದಿನ ಬದಲಾಗುವುದು ಬೆಳಗ್ಗೆ 5.30ಕ್ಕೆ, ನಸುಕಿನಲ್ಲಿ ಎದ್ದು ಓದುವವರಿಗೆ ಇಂದಿನ ಕಾರ್ಡ್‌ಗಳೇ ಕಾಣುವುದಿಲ್ಲ. ಟೋಕಿಯೊದಲ್ಲಿರುವ ಕನ್ನಡಿಗರಿಗೆ ಅದೇ ಗಡಿ ಬೆಳಗ್ಗೆ 9ಕ್ಕೆ ಬೀಳುತ್ತದೆ. ಸ್ಥಳೀಯ ಸಮಯದಿಂದ 4 ಗಂಟೆ ಕಳೆದು ಸಿಗುವ ದಿನಾಂಕವನ್ನೇ 'ಇಂದು' ಎಂದು ಹಿಡಿದರೆ ಮಧ್ಯರಾತ್ರಿ ಮೀರಿ ಓದುವವರಿಗೂ ನಸುಕಿನಲ್ಲಿ ಓದುವವರಿಗೂ ಹೊಂದುತ್ತದೆ.

### ದಿನದ ಹೊರೆಯ ಲೆಕ್ಕ

ಇದನ್ನು ಮೊದಲೇ ಕಾಗದದ ಮೇಲೆ ಮಾಡಿ ನೋಡಿ. ದಿನಕ್ಕೆ 10 ಪದ, ಪದಕ್ಕೆ ಎರಡು ಕಾರ್ಡ್ ಎಂದರೆ 20 ಹೊಸ ಕಾರ್ಡ್. ಮೂರು ವಾರ ಕಳೆದ ಮೇಲೆ ಪ್ರತಿದಿನ ಇಂದಿನ 20, ನಿನ್ನೆಯ 20, ಏಳು ದಿನದ ಹಿಂದಿನ 20, ಇಪ್ಪತ್ತೆರಡು ದಿನದ ಹಿಂದಿನ 20, ಒಟ್ಟು 80 ಬರುತ್ತವೆ. ಅರವತ್ತನೆಯ ದಿನ ದಾಟಿದರೆ 100. ಇದು ಒಂದೂ ಮರೆಯದವರ ಲೆಕ್ಕ. ಮರೆತವು ಇದರ ಮೇಲೆ ಸೇರುತ್ತವೆ. ಮೊದಲ ವಾರ ಹಗುರವಾಗಿದೆ ಎಂದು ಹೊಸ ಪದಗಳನ್ನು 30ಕ್ಕೆ ಏರಿಸಿದವರು ಮೂರನೆಯ ವಾರದಲ್ಲಿ ಕೈಬಿಡುವುದಕ್ಕೆ ಇದೇ ಕಾರಣ. ಪ್ರೋಗ್ರಾಮಿನಲ್ಲೇ ಒಂದು ತಡೆ ಇರಲಿ: ಬಾಕಿ ಕಾರ್ಡ್‌ಗಳು 100 ಮೀರಿದ ದಿನ ಹೊಸ ಕಾರ್ಡ್ ಕೊಡಬಾರದು. ಒಂದೇ ದಿನ ಸೇರಿಸಿದ ಕಾರ್ಡ್‌ಗಳು ಗುಂಪಾಗಿ ಮರಳದಂತೆ, ಸೂತ್ರ ಸರಿಯಿದೆಯೆಂದು ಖಚಿತವಾದ ಮೇಲೆ, ಒಂದು ವಾರಕ್ಕಿಂತ ಹೆಚ್ಚಿನ ಅಂತರಗಳನ್ನು ನೂರಕ್ಕೆ ಐದರಷ್ಟು ಆಚೀಚೆ ಯಾದೃಚ್ಛಿಕವಾಗಿ ಸರಿಸಿ.

## ಹಂತ 7: ಪರದೆ

ಈಗ ಫ್ಲಾಸ್ಕ್‌ನಲ್ಲಿ ಎರಡು ಪುಟ ಬರೆಯಿರಿ, ಒಂದು ಪ್ರಶ್ನೆಗೆ, ಒಂದು ಪದ ತಿದ್ದುವುದಕ್ಕೆ. ತಿದ್ದುವ ಪುಟದ ಕೊಂಡಿ ಪ್ರಶ್ನೆಯ ಪುಟದಲ್ಲೇ ಇರಬೇಕು. ತಪ್ಪು ಕಂಡ ಕ್ಷಣದಲ್ಲೇ ತಿದ್ದದಿದ್ದರೆ ಅದು ಉಳಿದುಹೋಗುತ್ತದೆ. ವಿಳಾಸ 127.0.0.1 ಆಗಿರಲಿ, ಅಂದರೆ ನಿಮ್ಮ ಯಂತ್ರದ ಹೊರಗೆ ತೆರೆಯಬಾರದು. ಮ್ಯಾಕ್‌ನಲ್ಲಿ 5000ನೆಯ ಪೋರ್ಟನ್ನು ಏರ್‌ಪ್ಲೇ ಬಳಸುತ್ತಿರಬಹುದು. ಬೇರೆ ಸಂಖ್ಯೆ ಕೊಡಿ.

ಜಪಾನೀ ಪಠ್ಯವಿರುವ ಪ್ರತಿ ಎಚ್‌ಟಿಎಂಎಲ್ ಅಂಶಕ್ಕೆ ಭಾಷಾ ಗುಣವನ್ನು ಜಪಾನೀ ಎಂದು, ಅಂದರೆ ಜೆ-ಎ ಎಂಬ ಎರಡಕ್ಷರದ ಸಂಕೇತದಿಂದ ಗುರುತಿಸುವುದು ಕಡ್ಡಾಯ. ಯೂನಿಕೋಡ್ ಚೀನೀ ಮತ್ತು ಜಪಾನೀ ಅಕ್ಷರಗಳಲ್ಲಿ ಬಹಳಷ್ಟಕ್ಕೆ ಒಂದೇ ಸಂಕೇತ ಕೊಟ್ಟಿದೆ. ಭಾಷೆ ಹೇಳದಿದ್ದರೆ ಬ್ರೌಸರ್ ಚೀನೀ ಫಾಂಟನ್ನು ಆರಿಸಬಹುದು. ಆಗ ಹೊನೆ (ಮೂಳೆ), ನಒಸು (ಸರಿಪಡಿಸು) ಪದಗಳ ಕಾಂಜಿಗಳು ಜಪಾನಿನಲ್ಲಿ ಬಳಸದ ಆಕಾರದಲ್ಲಿ ಕಾಣುತ್ತವೆ, ಕಲಿಯುವವರು ಆ ಆಕಾರವನ್ನೇ ಕಲಿಯುತ್ತಾರೆ. ಫಾಂಟ್ ಆಯ್ಕೆಗೂ ಕಾರಣವಿದೆ: ಹಲವು ಮುದ್ರಣ ಫಾಂಟ್‌ಗಳಲ್ಲಿ 'ಕಿ', 'ಸ' ಹಿರಗಾನಗಳ ಗೆರೆಗಳು ಕೂಡಿರುತ್ತವೆ, ಕೈಬರಹದಲ್ಲಿ ಬಿಡಿಯಾಗಿರುತ್ತವೆ. ಕ್ಲೀ ವನ್ ಪಠ್ಯಪುಸ್ತಕದ ಕೈಬರಹಕ್ಕೆ ಹತ್ತಿರದ್ದು. ಕಾಂಜಿಯನ್ನು ದೊಡ್ಡದಾಗಿ ತೋರಿಸಿ. 48 ಪಿಕ್ಸೆಲ್‌ಗಿಂತ ಚಿಕ್ಕದಾದರೆ ಒಳಗಿನ ಗೆರೆಗಳು ಬೆರೆಯುತ್ತವೆ.

## ಹಂತ 8: ಗೆರೆಗಳ ಕ್ರಮ

ಬರೆಯುವುದನ್ನೂ ಕಲಿಯಬೇಕೆಂದಿರುವವರಿಗೆ ಮಾತ್ರ ಈ ಹಂತ. ಕಾಂಜಿವಿಜಿ ಎಂಬ ಮುಕ್ತ ಸಂಗ್ರಹದಲ್ಲಿ ಪ್ರತಿ ಅಕ್ಷರಕ್ಕೂ ಒಂದು ಎಸ್‌ವಿಜಿ ಚಿತ್ರವಿದೆ. ಅದರಲ್ಲಿ ಪ್ರತಿ ಗೆರೆಯೂ ಬರೆಯುವ ಕ್ರಮದಲ್ಲೇ ಪ್ರತ್ಯೇಕ ರೇಖೆಯಾಗಿದೆ. ಕಡತದ ಹೆಸರು ಅಕ್ಷರದ ಯೂನಿಕೋಡ್ ಸಂಖ್ಯೆಯ ಐದಂಕಿಯ ಷೋಡಶಮಾನ ರೂಪ, ಆದ್ದರಿಂದ ಹುಡುಕುವುದು ಸುಲಭ. ಗೆರೆಗಳನ್ನು ಒಂದೊಂದಾಗಿ ತೋರಿಸಿ, ಕಲಿಯುವವರು ಕಾಗದದಲ್ಲಿ ಬರೆದು ತಾವೇ ಹೋಲಿಸಿಕೊಳ್ಳುವಂತೆ ಮಾಡಿ.

ಬಿಡಿ ಕಾಂಜಿಗೆ ಎಲ್ಲ ಓದುಗಳನ್ನೂ ಕೇಳುವ ಕಾರ್ಡ್ ಮಾಡಬೇಡಿ. 'ಜೀವ, ಹುಟ್ಟು' ಎಂಬರ್ಥದ ಒಂದೇ ಕಾಂಜಿಗೆ ಸೇ, ಶೋ, ಇಕಿರು, ಉಮರೆರು, ಹಎರು, ನಮ ಎಂದು ಹಲವು ಓದುಗಳಿವೆ. ಪಟ್ಟಿಯಾಗಿ ಕಲಿತದ್ದು ವಾಕ್ಯದಲ್ಲಿ ನೆರವಾಗುವುದಿಲ್ಲ. ಪ್ರತಿ ಓದನ್ನೂ ಅದು ಬರುವ ಪದದ ಕಾರ್ಡಿನಲ್ಲೇ ಕಲಿಸಿ.

## ಬಳಸುವಾಗ ಕಾಣುವ ಎಚ್ಚರಿಕೆಯ ಸೂಚನೆಗಳು

ಒಂದೇ ಕಾರ್ಡನ್ನು 8 ಸಲ ಮರೆತರೆ ಪ್ರೋಗ್ರಾಂ ಅದನ್ನು ತಡೆದು ನಿಲ್ಲಿಸಲಿ. ಅಂಥ ಕಾರ್ಡ್‌ಗಳಲ್ಲಿ ಹೆಚ್ಚಿನವು ಇನ್ನೊಂದರ ಜೊತೆ ಬೆರೆತವು: ಕಟಕಾನದ 'ಶಿ' ಮತ್ತು 'ತ್ಸು', 'ಸೊ' ಮತ್ತು 'ನ್', ಹಿರಗಾನದ 'ನೆ', 'ರೆ', 'ವ', ಕಾಂಜಿಯಲ್ಲಿ ಮತ್ಸು (ಕಾಯು) ಮತ್ತು ಮೊತ್ಸು (ಹಿಡಿದಿರು). ಎರಡನ್ನೂ ಅಕ್ಕಪಕ್ಕ ತೋರಿಸಿ ವ್ಯತ್ಯಾಸ ಕೇಳುವ ಹೊಸ ಕಾರ್ಡ್ ಸೇರಿಸಿದರೆ ತೊಡಕು ಬಿಡುತ್ತದೆ. ಅದೇ ಕಾರ್ಡನ್ನು ಮತ್ತೆ ಮತ್ತೆ ತೋರಿಸುವುದರಿಂದ ಬಿಡುವುದಿಲ್ಲ.

ಉದಾಹರಣೆ ವಾಕ್ಯದ ಉದ್ದ ನೋಡಿಯೇ ಉತ್ತರ ಹೊಳೆಯತೊಡಗಿದರೆ ವಾಕ್ಯವನ್ನು ಉತ್ತರದ ಬದಿಗೆ ಸರಿಸಿ. ದಾಖಲೆ ಕೋಷ್ಟಕದಲ್ಲಿ ವಾರದ ಸರಿಯುತ್ತರಗಳು ನೂರಕ್ಕೆ 80ಕ್ಕಿಂತ ಕೆಳಗಿಳಿದರೆ ಹೊಸ ಪದಗಳನ್ನು ಅರ್ಧಕ್ಕೆ ಇಳಿಸಿ. 95 ದಾಟಿ ನಿಂತರೆ 'ನೆನಪಾಯಿತು' ಗುಂಡಿಯನ್ನು ಉದಾರವಾಗಿ ಒತ್ತುತ್ತಿಲ್ಲವೇ ಎಂದು ನೋಡಿಕೊಳ್ಳಿ.

ಡೇಟಾಬೇಸ್ ಒಂದೇ ಕಡತವಾದ್ದರಿಂದ ಪ್ರೋಗ್ರಾಂ ಶುರುವಾದಾಗಲೆಲ್ಲ ದಿನಾಂಕದ ಹೆಸರಿನ ಪ್ರತಿಯೊಂದನ್ನು ಬೇರೆ ಫೋಲ್ಡರಿಗೆ ಮಾಡಿಕೊಳ್ಳಲಿ, ಕೊನೆಯ 14 ಪ್ರತಿಗಳು ಉಳಿಯಲಿ. ಕಡತವನ್ನು ಎರಡು ಕಂಪ್ಯೂಟರುಗಳ ನಡುವೆ ಕ್ಲೌಡ್ ಫೋಲ್ಡರಿನಲ್ಲಿಟ್ಟು ಎರಡೂ ಕಡೆ ಒಮ್ಮೆಗೇ ತೆರೆದರೆ ಅದು ಕೆಡುತ್ತದೆ. ಪಟ್ಟಿಯನ್ನು ಇತರ ಕನ್ನಡಿಗರೊಂದಿಗೆ ಹಂಚಿಕೊಳ್ಳುವುದಾದರೆ ಜೆಎಂಡಿಕ್ಟ್ ಮತ್ತು ಕಾಂಜಿವಿಜಿ ಎರಡರ ಪರವಾನಗಿಯೂ ಮೂಲದ ಹೆಸರು ಹೇಳಬೇಕು ಮತ್ತು ಅದೇ ಷರತ್ತಿನಲ್ಲಿ ಮರುಹಂಚಬೇಕು ಎನ್ನುತ್ತದೆ. ಆ ಎರಡು ಸಾಲುಗಳನ್ನು ಕಡತದ ತಲೆಯಲ್ಲೇ ಬರೆದು, ದಾಖಲೆ ಕೋಷ್ಟಕವನ್ನು ತೆಗೆದು, ಪದ ಕೋಷ್ಟಕವನ್ನು ಮಾತ್ರ ಕೊಡಿ.